ರಾತ್ರಿಯ ಆಕಾಶಕ್ಕೆ ಶಾಖ ಬಿಟ್ಟು ವಿದ್ಯುತ್ ಪಡೆಯುವುದು: ಪುಣೆಯ ತಾರಸಿಗೆ ಹೊಂದುವ ಸಮಗ್ರ ಮಾರ್ಗದರ್ಶಿ

ದೀಪಾವಳಿ ಕಳೆದು ಪುಣೆಯಲ್ಲಿ ಚಳಿ ನೆಲೆಯೂರಿದ ಮೇಲೆ, ಬಯಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಬೆಳಗಿನ ಹೊತ್ತಿಗೆ ಇಬ್ಬನಿ ಕೂತಿರುತ್ತದೆ. ಅದೇ ಸಾಲಿನಲ್ಲಿ ಮರದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಒಣಗಿರುತ್ತದೆ. ಎರಡನ್ನೂ ಸುತ್ತುವರಿದ ಗಾಳಿ ಒಂದೇ ಆಗಿದ್ದರೂ ಒಂದು ಸೀಟು ಮಾತ್ರ ಗಾಳಿಗಿಂತ ತಣ್ಣಗಾಗಲು ಕಾರಣ, ಅದಕ್ಕೆ ತೆರೆದ ಆಕಾಶ ಕಾಣುತ್ತಿತ್ತು ಎಂಬುದಷ್ಟೇ. ಈ ತಂಪನ್ನೂ ಸುತ್ತಲಿನ ಗಾಳಿಯ ಅಥವಾ ನೀರಿನ ಬಿಸುಪನ್ನೂ ಒಂದು ಉಷ್ಣವಿದ್ಯುತ್ ಮಾಡ್ಯೂಲಿನ ಎರಡು ಮುಖಗಳಿಗೆ ಒದಗಿಸಿದರೆ ರಾತ್ರಿಯಿಡೀ ಅಲ್ಪ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಅದನ್ನು ಮನೆಯ ತಾರಸಿಯ ಮೇಲೆ ಕಟ್ಟುವ, ಅಳೆಯುವ ಮತ್ತು ಉತ್ತಮಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಬೆಸುಗೆ ಹಾಕಲು ಮತ್ತು ಮಲ್ಟಿಮೀಟರ್ ಬಳಸಲು ಬಲ್ಲ ಯಾರಿಗಾದರೂ, ಹಿರಿಯರೊಬ್ಬರು ಜೊತೆಗಿದ್ದರೆ ಪ್ರೌಢಶಾಲೆಯ ಮಕ್ಕಳಿಗೂ, ಇದು ಸಾಧ್ಯವಾಗುವ ಕೆಲಸ.

ಸಿಗುವುದು ಮಿಲಿವ್ಯಾಟುಗಳ ಲೆಕ್ಕದಲ್ಲಿ ಎಂಬುದನ್ನು ಮೊದಲೇ ತಿಳಿದಿರಬೇಕು. ಒಂದು ಚದರ ಮೀಟರ್ ಸೌರಫಲಕ ಪ್ರಖರ ಬಿಸಿಲಿನಲ್ಲಿ 150ರಿಂದ 200 ವ್ಯಾಟ್ ಕೊಡುತ್ತದೆ. ಈ ಸಾಧನ ಅಷ್ಟೇ ವಿಸ್ತಾರಕ್ಕೆ ಒಂದು ವ್ಯಾಟಿನ ಸಣ್ಣ ಭಾಗವನ್ನು ಕೊಡುತ್ತದೆ. ಮನೆಯ ವಿದ್ಯುತ್ ಬಿಲ್ಲು ಇಳಿಸುವ ಉದ್ದೇಶವಿದ್ದವರು ಇಲ್ಲಿಗೇ ನಿಲ್ಲಿಸಿ ಸೌರಫಲಕದ ಕಡೆ ಹೋಗುವುದು ಒಳ್ಳೆಯದು. ಬ್ಯಾಟರಿ ಬದಲಿಸಲು ಆಗದ ಜಾಗದಲ್ಲಿ ಸಣ್ಣ ಸಂವೇದಕವೊಂದನ್ನು ರಾತ್ರಿ ನಡೆಸಬೇಕೆನ್ನುವವರಿಗೆ ಮತ್ತು ಶಾಖದ ಹರಿವನ್ನು ಕೈಯಾರೆ ಅರಿಯಬೇಕೆನ್ನುವವರಿಗೆ ಇದರಲ್ಲಿ ಹುರುಳಿದೆ.

ಶಾಖ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. 27 ಡಿಗ್ರಿಯಲ್ಲಿರುವ ಆದರ್ಶ ಕಪ್ಪು ಮೇಲ್ಮೈಯ ಒಂದು ಚದರ ಮೀಟರಿನಿಂದ ಸುಮಾರು 459 ವ್ಯಾಟ್ ಹೊರಹೋಗುತ್ತದೆ. ಹಾಗೆ ಹೋದದ್ದರಲ್ಲಿ ಬಹುಪಾಲನ್ನು ವಾತಾವರಣದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹಿಂದಿರುಗಿಸುತ್ತವೆ. ಆದರೆ 8ರಿಂದ 13 ಮೈಕ್ರೊಮೀಟರ್ ತರಂಗಾಂತರದ ನಡುವೆ ವಾತಾವರಣ ಬಹುಮಟ್ಟಿಗೆ ಪಾರದರ್ಶಕವಾಗಿದ್ದು, ಆ ಕಿಟಕಿಯ ಮೂಲಕ ಶಾಖ ನೇರವಾಗಿ ಬಾಹ್ಯಾಕಾಶವನ್ನು ಸೇರುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಇರುವ ವ್ಯತ್ಯಾಸವೇ ನಮ್ಮ ಪಾಲು. ಗಾಳಿ 15 ಡಿಗ್ರಿ, ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ) 8 ಡಿಗ್ರಿ ಇರುವ ನಿರ್ಮಲ ರಾತ್ರಿಯಲ್ಲಿ, ಗಾಳಿಯಷ್ಟೇ ಉಷ್ಣತೆಯಲ್ಲಿರುವ ಕಪ್ಪು ತಟ್ಟೆಯೊಂದು ಚದರ ಮೀಟರಿಗೆ ಸುಮಾರು 90 ವ್ಯಾಟ್ ನಿವ್ವಳ ಶಾಖವನ್ನು ಕಳೆದುಕೊಳ್ಳುತ್ತದೆ. ಇಬ್ಬನಿ ಬಿಂದು 25 ಡಿಗ್ರಿಗೆ ಏರಿದರೆ, ಮೋಡವೇ ಇಲ್ಲದಿದ್ದರೂ, ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಗ್ಗಿನ ದಟ್ಟ ಮೋಡ ಕವಿದರೆ ಉಳಿಯುವುದು ಅತ್ಯಲ್ಪ.

ಈ ತಂಪಿನ ಬಳಕೆ ನಮ್ಮ ನೆಲಕ್ಕೆ ಹೊಸದಲ್ಲ. ಒಣ ದಂಟು ಹಾಸಿದ ಗುಂಡಿಗಳಲ್ಲಿ ಆಳವಿಲ್ಲದ ಮಣ್ಣಿನ ಬಟ್ಟಲುಗಳನ್ನಿಟ್ಟು, ಚಳಿಗಾಲದ ಒಣ ರಾತ್ರಿಗಳಲ್ಲಿ ಅಲಹಾಬಾದಿನಲ್ಲಿ ಮಂಜುಗಡ್ಡೆ ತೆಗೆಯುತ್ತಿದ್ದುದನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ್ದಾನೆ. ಅದರಿಂದ ವಿದ್ಯುತ್ ತೆಗೆದು ತೋರಿಸಿದ ಪ್ರಯೋಗ ಮಾತ್ರ ಇತ್ತೀಚಿನದು: 2019ರಲ್ಲಿ ಆಶ್ವತ್ ರಾಮನ್, ವೇ ಲಿ ಮತ್ತು ಶಾನ್‌ಹುಯಿ ಫ್ಯಾನ್ ಅವರು 20 ಸೆಂಟಿಮೀಟರ್ ವ್ಯಾಸದ ಕಪ್ಪು ಬಳಿದ ಅಲ್ಯೂಮಿನಿಯಂ ತಟ್ಟೆ ಮತ್ತು ಅಂಗಡಿಯಲ್ಲಿ ಸಿಗುವ ಮಾಡ್ಯೂಲ್ ಬಳಸಿ, ಸ್ಟ್ಯಾನ್‌ಫರ್ಡ್‌ನ ಮಾಳಿಗೆಯೊಂದರ ಮೇಲೆ ಚದರ ಮೀಟರಿಗೆ 25 ಮಿಲಿವ್ಯಾಟ್ ಪಡೆದು ಒಂದು ಎಲ್‌ಇಡಿ ಬೆಳಗಿಸಿದ ವರದಿಯನ್ನು ಪ್ರಕಟಿಸಿದರು. ಬಿಡಿಭಾಗಗಳ ವೆಚ್ಚ 30 ಡಾಲರಿಗಿಂತ ಕಡಿಮೆಯಿತ್ತು. ನಾವು ಕಟ್ಟಲಿರುವುದು ಅದೇ ಮಾದರಿಯನ್ನು. ಆದರೆ ಕೊನೆಯ ಹಂತಗಳಲ್ಲಿ ಪುಣೆಯ ಹವೆಗೆ ಒಪ್ಪುವ ಒಂದು ಮುಖ್ಯ ಬದಲಾವಣೆಯಿದೆ.

ಸಾಮಗ್ರಿ

ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲವರಿಗೆ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಓಣಿ ತಪಕೀರ ಗಲ್ಲಿ ಹೊಸದೆನಿಸುವುದಿಲ್ಲ. ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆಯಿದೆ. ನಮಗೆ ಬೇಕಾದ ಉಷ್ಣವಿದ್ಯುತ್ ಮಾಡ್ಯೂಲನ್ನು ಪೆಲ್ಟಿಯರ್ ಎಂದು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಟಿಇಸಿ1-12706 ಎಂಬ, 4 ಸೆಂಟಿಮೀಟರ್ ಚೌಕದ ಬಿಳಿ ಬಿಲ್ಲೆಯನ್ನು ಕೊಡುತ್ತಾರೆ. ಅದರೊಳಗೆ ಬಿಸ್ಮತ್ ಟೆಲ್ಯುರೈಡಿನ 127 ಜೋಡಿಗಳಿದ್ದು, ಎರಡು ಮುಖಗಳ ನಡುವಿನ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 50 ಮಿಲಿವೋಲ್ಟ್ ಹುಟ್ಟುತ್ತದೆ. ಒಳರೋಧ ಸುಮಾರು 2 ಓಮ್. ತಂಪು ಮಾಡಲೆಂದು ಮಾರುವ ವಸ್ತುವಾದರೂ ಇಷ್ಟು ಸಣ್ಣ ವ್ಯತ್ಯಾಸದಲ್ಲಿ ವಿದ್ಯುತ್ ಉತ್ಪಾದನೆಗೆ ಇದು ಚೆನ್ನಾಗಿಯೇ ಸಲ್ಲುತ್ತದೆ. ಹೆಸರಿನ ಕೊನೆಯಲ್ಲಿ 06ರ ಬದಲು 03 ಇರುವ ಮಾಡ್ಯೂಲ್ ದೊರೆತರೆ ಅದನ್ನೇ ಆರಿಸಿ. ಅದರ ಮೂಲಕ ಶಾಖ ಹರಿಯುವುದು ಸುಮಾರು ಅರ್ಧದಷ್ಟು ಸಲೀಸಾಗಿ ಮಾತ್ರ. ಆದ್ದರಿಂದ ತಟ್ಟೆ ಹೆಚ್ಚು ತಣ್ಣಗಾಗುತ್ತದೆ, ವೋಲ್ಟೇಜು ಏರುತ್ತದೆ. ಒಳರೋಧವೂ ಏರುವುದರಿಂದ ಒಟ್ಟು ಶಕ್ತಿಯಲ್ಲಿ ಲಾಭ ಸ್ವಲ್ಪವೇ. ಆದರೂ ಮುಂದಿನ ಸರ್ಕಿಟ್ಟಿಗೆ ಬೇಕಾದದ್ದು ವೋಲ್ಟೇಜು. ಅಂಚುಗಳಿಗೆ ಸಿಲಿಕೋನ್ ತುಂಬಿದ ಮಾಡ್ಯೂಲಾದರೆ ಇಬ್ಬನಿಯ ತೇವ ಒಳಗೆ ಇಳಿಯುವುದಿಲ್ಲ.

ಉಳಿದವು ಇವು: 2 ಮಿಲಿಮೀಟರ್ ದಪ್ಪದ, 20 ಸೆಂಟಿಮೀಟರ್ ವ್ಯಾಸದ ಅಲ್ಯೂಮಿನಿಯಂ ತಟ್ಟೆ, ಹೊಳಪಿಲ್ಲದ ಕಪ್ಪು ಬಣ್ಣದ ಸ್ಪ್ರೇ, ಹಳೆಯ ಕಂಪ್ಯೂಟರಿನಿಂದ ತೆಗೆದ, ಶಾಖ ಹಂಚುವ ರೆಕ್ಕೆಗಳುಳ್ಳ ಅಲ್ಯೂಮಿನಿಯಂ ಹೀಟ್‌ಸಿಂಕ್, ಎರಡು ಮೇಲ್ಮೈಗಳ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್, ಟಿವಿ ಅಥವಾ ಫ್ರಿಜ್ಜಿನ ಪ್ಯಾಕಿಂಗಿನಲ್ಲಿ ಬಂದ ದಪ್ಪ ಥರ್ಮೊಕೋಲ್, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ತೆಳು ಪಾಲಿಥೀನ್, ಜಲನಿರೋಧಕ ಕವಚದ ಡಿಎಸ್18ಬಿ20 ಉಷ್ಣಮಾಪಕ ಮೂರು, ಮಿಲಿವೋಲ್ಟ್ ಓದಬಲ್ಲ ಮಲ್ಟಿಮೀಟರ್, 2.2 ಓಮಿನ ರೋಧಕ, ಮತ್ತು ಅತ್ಯಲ್ಪ ವೋಲ್ಟೇಜನ್ನು ಏರಿಸಿಕೊಡುವ ಎಲ್‌ಟಿಸಿ3108 ಚಿಪ್ಪಿನ ಬೋರ್ಡು. ಪಾಲಿಥೀನಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಗಾಜು ಮತ್ತು ಅಕ್ರಿಲಿಕ್ ನಮ್ಮ ಕಣ್ಣಿಗೆ ಪಾರದರ್ಶಕವಾದರೂ 8ರಿಂದ 13 ಮೈಕ್ರೊಮೀಟರಿನ ಕಿರಣಗಳಿಗೆ ಗೋಡೆಯೇ ಸರಿ. ಆಹಾರ ಸುತ್ತುವ ಅಂಟುಹಾಳೆಗಳಲ್ಲಿ ಹಲವು ಪಿವಿಸಿಯವಾಗಿದ್ದು ಅವೂ ಸಲ್ಲವು. ಕಿರಾಣಿ ಅಂಗಡಿಯಲ್ಲಿ ಬಳಸುವ, ಬಣ್ಣ ಬೆರೆಸದ, ಅಚ್ಚು ಒತ್ತದ ತೆಳು ಪಾಲಿಥೀನ್ ಚೀಲವನ್ನು ಬಿಚ್ಚಿ ಹಾಸಿದರೆ ಸಾಕು.

ಮೊದಲ ಹಂತ: ಜಾಗ ಮತ್ತು ರಾತ್ರಿಯ ಆಯ್ಕೆ

ತಟ್ಟೆಗೆ ಕಾಣುವ ಆಕಾಶದಲ್ಲಿ ನಡುನೆತ್ತಿಯ ಭಾಗವೇ ಅತ್ಯಂತ ತಂಪು, ಏಕೆಂದರೆ ಅಲ್ಲಿ ಕಿರಣಗಳು ದಾಟಬೇಕಾದ ವಾತಾವರಣ ತೆಳು. ದಿಗಂತದ ಕಡೆಗೆ ಬಾಗಿದಷ್ಟೂ ಲಾಭ ಕಡಿಮೆ. ಅಲ್ಲಿ ನೀರಿನ ಟ್ಯಾಂಕು, ಲಿಫ್ಟಿನ ಕೋಣೆ ಅಥವಾ ಪಕ್ಕದ ಬಹುಮಹಡಿ ಕಟ್ಟಡವಿದ್ದರೆ ಹಗಲಿಡೀ ಕಾದ ಆ ಗೋಡೆ ತಟ್ಟೆಯ ಕಡೆಗೇ ಶಾಖ ಬೀರುತ್ತದೆ. ಆದ್ದರಿಂದ ತಾರಸಿಯ ನಡುಭಾಗವನ್ನು ಆರಿಸಿ. ಸೊಸೈಟಿಯ ಕಾರ್ಯದರ್ಶಿಗಳ ಒಪ್ಪಿಗೆ ಪಡೆದು, ಪೆಟ್ಟಿಗೆಯ ಮೇಲೆ ಇದು ಏನು, ಯಾವ ಫ್ಲ್ಯಾಟಿನವರದು ಎಂದು ಮರಾಠಿಯಲ್ಲಿ ಬರೆದು ಅಂಟಿಸುವುದು ಅಗತ್ಯ. ತಂತಿಗಳಿರುವ ಅಪರಿಚಿತ ಪೆಟ್ಟಿಗೆ ತಾರಸಿಯಲ್ಲಿ ಕಂಡರೆ ಕಾವಲುಗಾರ ಗಾಬರಿಯಾಗುವುದು ಸಹಜ.

ಪುಣೆಯಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಇದಕ್ಕೆ ಹೇಳಿಮಾಡಿಸಿದಂತಿದೆ. ಜನವರಿಯಲ್ಲಿ ಹಗಲು 30 ಡಿಗ್ರಿಯ ಆಸುಪಾಸಿಗೆ ಏರುವ ಉಷ್ಣತೆ ರಾತ್ರಿ 11–12 ಡಿಗ್ರಿಗೆ ಇಳಿಯುತ್ತದೆ, ಆಕಾಶ ನಿರ್ಮಲವಾಗಿರುತ್ತದೆ, ಗಾಳಿ ಬಹುತೇಕ ನಿಶ್ಚಲವಾಗಿರುತ್ತದೆ. ಅವಕೆಂಪು ಥರ್ಮಾಮೀಟರ್ ಇದ್ದವರು ಅದನ್ನು ನೇರವಾಗಿ ನೆತ್ತಿಯ ಆಕಾಶಕ್ಕೆ ಹಿಡಿದು ನೋಡಬಹುದು: ಒಳ್ಳೆಯ ರಾತ್ರಿಯಲ್ಲಿ ಅದು ಸೊನ್ನೆಗಿಂತ ಕೆಳಗೆ ಓದುತ್ತದೆ, ಕೆಲವು ಯಂತ್ರಗಳು ತಮ್ಮ ಮಿತಿ ಮೀರಿತೆಂದು ಸೂಚಿಸುತ್ತವೆ, ತಗ್ಗಿನ ಮೋಡವಿದ್ದರೆ ಗಾಳಿಯ ಉಷ್ಣತೆಗೆ ಸಮೀಪದ ಅಂಕಿ ಬರುತ್ತದೆ. ಆ ರಾತ್ರಿ ಪ್ರಯೋಗಕ್ಕೆ ಯೋಗ್ಯವೇ ಎಂಬುದನ್ನು ಇದು ತಕ್ಷಣ ತಿಳಿಸುತ್ತದೆ.

ಎತ್ತರದ ವಿಷಯದಲ್ಲಿ ಪುಣೆಗೆ ಸೇರಿದ ಒಂದು ಶೋಧವನ್ನು ನೆನೆಯಬೇಕು. ಇಲ್ಲಿನ ಹವಾಮಾನ ಇಲಾಖೆಯಲ್ಲಿ ಕೃಷಿ ಹವಾಮಾನ ವಿಭಾಗವನ್ನು ಬೆಳೆಸಿದ ಎಲ್.ಎ. ರಾಮದಾಸ್ ಅವರು, ನಿರ್ಮಲ ನಿಶ್ಚಲ ರಾತ್ರಿಗಳಲ್ಲಿ ಅತ್ಯಂತ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರದೆ ಅದರಿಂದ ಕೆಲವು ಹತ್ತು ಸೆಂಟಿಮೀಟರ್ ಮೇಲಿರುತ್ತದೆಂದು 1932ರಲ್ಲಿ ವರದಿ ಮಾಡಿದರು. ಅನೇಕರು ಮೊದಲು ನಂಬದ ಈ ಪದರಕ್ಕೆ 1993ರಲ್ಲಿ ವಿಕಿರಣವನ್ನು ಆಧರಿಸಿದ ಸಿದ್ಧಾಂತ ಕೊಟ್ಟವರಲ್ಲಿ ನಮ್ಮ ವಿಜ್ಞಾನಿ ರೊದ್ದಂ ನರಸಿಂಹ ಅವರೂ ಒಬ್ಬರು. ನಮ್ಮ ಕೆಲಸಕ್ಕೆ ಇದರ ಅರ್ಥ ಸರಳ: ಹೀಟ್‌ಸಿಂಕಿಗೆ ಬೇಕಾದದ್ದು ಸಿಗುವಷ್ಟು ಬೆಚ್ಚಗಿನ ಗಾಳಿ, ಅದು ಯಾವ ಎತ್ತರದಲ್ಲಿದೆಯೆಂದು ಊಹಿಸುವಂತಿಲ್ಲ. ಒಂದು ಕೋಲಿಗೆ ಉಷ್ಣಮಾಪಕಗಳನ್ನು ನೆಲದ ಹತ್ತಿರ, ಒಂದು ಅಡಿ ಮತ್ತು ಮೂರು ಅಡಿ ಎತ್ತರದಲ್ಲಿ ಕಟ್ಟಿ, ಒಂದು ಸಂಜೆ ಅಳೆದು, ನಿಮ್ಮ ತಾರಸಿಯಲ್ಲಿ ಬೆಚ್ಚಗಿರುವ ಎತ್ತರಕ್ಕೆ ಸ್ಟೂಲೋ ಇಟ್ಟಿಗೆಯೋ ಹೊಂದಿಸಿಕೊಳ್ಳಿ.

ಎರಡನೆಯ ಹಂತ: ತಟ್ಟೆ ಮತ್ತು ಮಾಡ್ಯೂಲಿನ ಜೋಡಣೆ

ಬರಿಯ ಅಲ್ಯೂಮಿನಿಯಂ ಅವಕೆಂಪು ಕಿರಣಗಳನ್ನು ಹೊರಸೂಸುವುದರಲ್ಲಿ ತೀರ ಜಿಪುಣ; ಆದರ್ಶ ಕಪ್ಪು ಮೇಲ್ಮೈ ಸೂಸುವುದರಲ್ಲಿ ಶೇಕಡ 5ರ ಆಸುಪಾಸು ಮಾತ್ರ ಅದರಿಂದ ಹೊರಡುತ್ತದೆ. ಹೊಳಪಿಲ್ಲದ ಬಣ್ಣ ಬಳಿದೊಡನೆ ಅದು ಶೇಕಡ 95ರ ಹತ್ತಿರ ಹೋಗುತ್ತದೆ. ತಟ್ಟೆಯ ಮೇಲ್ಮುಖವನ್ನು ಮರಳು ಕಾಗದದಿಂದ ತುಸು ಒರಟು ಮಾಡಿ, ಎರಡು ತೆಳು ಲೇಪಗಳನ್ನು ಬಳಿದು ಪೂರ್ತಿ ಒಣಗಲು ಬಿಡಿ. ಕೆಳಮುಖ ಹೊಳಪಾಗಿಯೇ ಇರಲಿ, ಏಕೆಂದರೆ ಅದು ಪೆಟ್ಟಿಗೆಯ ಒಳಭಾಗದಿಂದ ಶಾಖ ಹೀರಬಾರದು.

ತಟ್ಟೆಯ ಕೆಳಮುಖದ ನಡುವೆ ಮಾಡ್ಯೂಲನ್ನು, ಮಾಡ್ಯೂಲಿನ ಕೆಳಗೆ ಹೀಟ್‌ಸಿಂಕನ್ನು ಇರಿಸಿ, ಎರಡೂ ಕಡೆ ಥರ್ಮಲ್ ಪೇಸ್ಟನ್ನು ಕಾಗದದಷ್ಟು ತೆಳುವಾಗಿ ಸವರಿ. ಇವನ್ನು ಬಿಗಿಯಲು ಉಕ್ಕಿನ ತಿರುಪು ಬಳಸಬೇಡಿ. ಮಾಡ್ಯೂಲಿನ ಮೂಲಕ ಹರಿಯುವುದೇ ಡಿಗ್ರಿಗೆ ಅರ್ಧ ವ್ಯಾಟ್ ಶಾಖವಾದ್ದರಿಂದ, ಪಕ್ಕದಲ್ಲೇ ಹಾದುಹೋಗುವ ನಾಲ್ಕು ಉಕ್ಕಿನ ತಿರುಪುಗಳು ಕದಿಯುವ ಪಾಲು ಉಪೇಕ್ಷಿಸುವಂಥದ್ದಲ್ಲ. ನೈಲಾನ್ ತಿರುಪು ಅಥವಾ ನೈಲಾನ್ ದಾರ ಸಾಕು. ತಟ್ಟೆಗೊಂದು, ಹೀಟ್‌ಸಿಂಕಿಗೊಂದು ಉಷ್ಣಮಾಪಕವನ್ನು ಪೇಸ್ಟ್ ಹಚ್ಚಿ ಕಟ್ಟಿ; ಮೂರನೆಯದು ಗಾಳಿಯ ಉಷ್ಣತೆಗೆ. ಕಟ್ಟುವ ಮೊದಲು ಮೂರನ್ನೂ ಒಂದೇ ಲೋಟ ನೀರಿನಲ್ಲಿ ಅದ್ದಿ, ಅವುಗಳ ನಡುವಿನ ತಪ್ಪನ್ನು ಬರೆದಿಟ್ಟುಕೊಳ್ಳುವುದು ಅನಿವಾರ್ಯ: ಅವುಗಳ ನಿಖರತೆ ಅರ್ಧ ಡಿಗ್ರಿಯ ಮಟ್ಟದ್ದು, ನಾವು ಅಳೆಯಹೊರಟಿರುವುದೂ ಎರಡು ಮೂರು ಡಿಗ್ರಿಯ ವ್ಯತ್ಯಾಸವನ್ನೇ.

ಮೂರನೆಯ ಹಂತ: ಪೆಟ್ಟಿಗೆ

ಥರ್ಮೊಕೋಲಿನಲ್ಲಿ ತಟ್ಟೆಗಿಂತ ತುಸು ಅಗಲವಾದ ಬಾನಿಯಂಥ ಗುಳಿ ಕೊರೆದು, ತಳದಲ್ಲಿ ಮಾಡ್ಯೂಲಿನ ಅಳತೆಯ ಚೌಕ ಕಿಂಡಿ ಬಿಡಿ. ತಟ್ಟೆ ಗುಳಿಯೊಳಗೆ, ಹೀಟ್‌ಸಿಂಕು ಪೆಟ್ಟಿಗೆಯ ಹೊರಗೆ ಕೆಳಗಡೆ ಇರುತ್ತದೆ. ನಡುವಿನ ಥರ್ಮೊಕೋಲ್ ಕನಿಷ್ಠ 3 ಸೆಂಟಿಮೀಟರ್ ದಪ್ಪವಿರಬೇಕು. ಮಾಡ್ಯೂಲು 4 ಮಿಲಿಮೀಟರಿನಷ್ಟೇ ದಪ್ಪವಿರುವುದರಿಂದ, ಅದರ ಮತ್ತು ತಟ್ಟೆಯ ನಡುವೆ 4 ಸೆಂಟಿಮೀಟರ್ ಚೌಕದ ದಪ್ಪ ಅಲ್ಯೂಮಿನಿಯಂ ತುಂಡನ್ನು ಕಂಬದಂತೆ ಇಡಬೇಕಾಗುತ್ತದೆ. ಪೆಟ್ಟಿಗೆಯ ಒಳಗೋಡೆಗೂ ಹೊರಗೋಡೆಗೂ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಬಾಯಿಯ ಸುತ್ತ ಅದೇ ಹಾಳೆಯಿಂದ ಹೊರಕ್ಕೆ ಬಾಗಿದ ಕೊರಳು ಮಾಡಿದರೆ ದಿಗಂತದ ಕಡೆಯ ಬೆಚ್ಚಗಿನ ಗೋಡೆಗಳು ಮರೆಯಾಗಿ, ಆ ದಿಕ್ಕಿನಲ್ಲೂ ತಟ್ಟೆಗೆ ಮೇಲಿನ ಆಕಾಶದ ಪ್ರತಿಬಿಂಬವೇ ಕಾಣುತ್ತದೆ.

ತಟ್ಟೆಯಿಂದ 2–3 ಸೆಂಟಿಮೀಟರ್ ಮೇಲೆ ಪಾಲಿಥೀನನ್ನು ಡೋಲಿನ ಚರ್ಮದಂತೆ ಬಿಗಿದು ಕಟ್ಟಿ. ಗಾಳಿಯಿಂದ ತಟ್ಟೆಗೆ ಶಾಖ ಮರಳದಂತೆ ತಡೆಯುವುದು ಇದರ ಕೆಲಸ. ಜೋಡಣೆಯನ್ನು ಒಣ ಮಧ್ಯಾಹ್ನದಲ್ಲಿ ಮಾಡಿ, ಒಳಗೆ ಸಿಲಿಕಾ ಜೆಲ್‌ನ ಪೊಟ್ಟಣವೊಂದನ್ನು ಇಡಿ; ಒಳಗೆ ತೇವವಿದ್ದರೆ ರಾತ್ರಿ ಅದು ತಟ್ಟೆಯ ಮೇಲೂ ಪಾಲಿಥೀನಿನ ಕೆಳಮುಖದಲ್ಲೂ ಹನಿಯಾಗುತ್ತದೆ. ನೀರಿನ ತೆಳು ಪರೆ ಕೂಡ ಈ ಕಿರಣಗಳಿಗೆ ಅಪಾರದರ್ಶಕ. ನಸುಕಿನಲ್ಲಿ ಹೊರಮುಖದ ಮೇಲೆ ಕೂರುವ ಇಬ್ಬನಿಯನ್ನು ಒಣ ಬಟ್ಟೆಯಿಂದ ಒರಸುವುದೊಂದೇ ಉಪಾಯ.

ನಾಲ್ಕನೆಯ ಹಂತ: ಲೆಕ್ಕ, ಅಳತೆ ಮತ್ತು ಪರೀಕ್ಷೆ

ಅಳೆಯುವ ಮೊದಲು ಏನು ನಿರೀಕ್ಷಿಸಬೇಕೆಂದು ಲೆಕ್ಕ ಹಾಕಿಟ್ಟುಕೊಳ್ಳೋಣ. ತಟ್ಟೆಯ ವಿಸ್ತೀರ್ಣ 0.0314 ಚದರ ಮೀಟರ್. ಚದರ ಮೀಟರಿಗೆ 90 ವ್ಯಾಟಿನಂತೆ ಆಕಾಶಕ್ಕೆ ಹೋಗುವುದು 2.8 ವ್ಯಾಟ್. ಇದನ್ನು ತುಂಬಿಕೊಡುವ ದಾರಿಗಳು ಎರಡು: ಮಾಡ್ಯೂಲಿನ ಮೂಲಕ ಡಿಗ್ರಿಗೆ ಸುಮಾರು ಅರ್ಧ ವ್ಯಾಟ್, ಪಾಲಿಥೀನಿನ ಮೂಲಕ ಬರುವ ಗಾಳಿಯ ಶಾಖ ಮತ್ತು ತಟ್ಟೆ ತಣ್ಣಗಾದಂತೆ ಕುಗ್ಗುವ ವಿಕಿರಣ ಸೇರಿ ಡಿಗ್ರಿಗೆ ಸುಮಾರು ಕಾಲು ವ್ಯಾಟ್. ಒಟ್ಟು ಡಿಗ್ರಿಗೆ 0.8 ವ್ಯಾಟ್ ಎಂದಿಟ್ಟುಕೊಂಡರೆ ತಟ್ಟೆ ಗಾಳಿಗಿಂತ ಮೂರೂವರೆ ಡಿಗ್ರಿ ಕೆಳಗೆ ನಿಲ್ಲುತ್ತದೆ. ಅದರಲ್ಲಿ ಒಂದೂಕಾಲು, ಒಂದೂವರೆ ಡಿಗ್ರಿ ಹೀಟ್‌ಸಿಂಕಿನಲ್ಲೂ ಪೇಸ್ಟಿನಲ್ಲೂ ಕಳೆದುಹೋಗಿ, ಮಾಡ್ಯೂಲಿನ ಪಾಲಿಗೆ ಎರಡು ಡಿಗ್ರಿ ಚಿಲ್ಲರೆ ಉಳಿಯುತ್ತದೆ. ಎರಡು ಡಿಗ್ರಿಗೆ 100 ಮಿಲಿವೋಲ್ಟ್. ಒಳರೋಧಕ್ಕೆ ಸಮನಾದ ಹೊರೆ (ವಿದ್ಯುತ್ ಬಳಸುವ ರೋಧಕ) ಹಾಕಿದಾಗ ಅದು 50ಕ್ಕೆ ಇಳಿದು, 1.2 ಮಿಲಿವ್ಯಾಟ್ ದೊರೆಯುತ್ತದೆ. ಮಾಡ್ಯೂಲಿನ ಮೂಲಕ ಹಾಯುವ ಒಂದು ವ್ಯಾಟ್ ಶಾಖದಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆಂದಾಯಿತು. ಇಷ್ಟು ಸಣ್ಣ ಉಷ್ಣಾಂತರದಲ್ಲಿ ಯಾವ ಯಂತ್ರಕ್ಕೂ ಶೇಕಡ ಒಂದನ್ನು ಮುಟ್ಟಲು ನಿಸರ್ಗದ ಅನುಮತಿಯಿಲ್ಲದಿರುವಾಗ ಮಾಡ್ಯೂಲನ್ನು ದೂರುವಂತಿಲ್ಲ.

ಸೂರ್ಯಾಸ್ತದ ನಂತರ ಪೆಟ್ಟಿಗೆಯನ್ನು ತೆರೆದಿಟ್ಟು, ಮೊದಲ ಒಂದು ಗಂಟೆಯ ಅಂಕಿಗಳನ್ನು ಬಿಟ್ಟುಬಿಡಿ. ಹಗಲಿನಲ್ಲಿ ಕಾದ ಹೀಟ್‌ಸಿಂಕು ತಣಿಯುವವರೆಗೆ ವೋಲ್ಟೇಜು ಸುಳ್ಳು ಸಂತೋಷ ಕೊಡುತ್ತದೆ. ಆಮೇಲೆ ಹೊರೆಯಿಲ್ಲದ ವೋಲ್ಟೇಜು, 2.2 ಓಮ್ ರೋಧಕದ ಮೇಲಿನ ವೋಲ್ಟೇಜು, ಮೂರು ಉಷ್ಣತೆಗಳು, ಆಕಾಶದ ಸ್ಥಿತಿ ಇವಿಷ್ಟನ್ನು ಅರ್ಧ ಗಂಟೆಗೊಮ್ಮೆ ಬರೆಯಿರಿ. ರೋಧಕದ ಮೇಲಿನ ವೋಲ್ಟೇಜಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ. ಹೊರೆಯಿಲ್ಲದಾಗ ಓದಿದ ವೋಲ್ಟೇಜಿನಿಂದ ಶಕ್ತಿಯನ್ನು ಲೆಕ್ಕ ಹಾಕಿ ಘೋಷಿಸುವುದು ವಿಜ್ಞಾನ ಪ್ರದರ್ಶನಗಳಲ್ಲಿ ಹೇರಳವಾಗಿ ಕಾಣುವ ಅಭ್ಯಾಸ, ಅದನ್ನು ದೂರವಿಡಿ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಮುಚ್ಚುವುದು. ವೋಲ್ಟೇಜು ಸ್ಥಿರವಾದ ಮೇಲೆ ಪೆಟ್ಟಿಗೆಯ ಬಾಯಿಯ ಒಂದಡಿ ಮೇಲೆ ಒಂದು ದಪ್ಪ ರಟ್ಟನ್ನು ಅಡ್ಡ ಹಿಡಿದು ನಿಲ್ಲಿಸಿ. ಗಾಳಿಯಾಡುವುದು ನಿಂತಿಲ್ಲ, ಉಷ್ಣತೆ ಬದಲಾಗಿಲ್ಲ. ಮರೆಯಾದದ್ದು ಆಕಾಶ ಮಾತ್ರ. ತಟ್ಟೆ ಮೆಲ್ಲನೆ ಗಾಳಿಯ ಉಷ್ಣತೆಯತ್ತ ಏರಿ, ಕೆಲವು ನಿಮಿಷಗಳಲ್ಲಿ ವೋಲ್ಟೇಜು ಸ್ಪಷ್ಟವಾಗಿ ಕುಸಿಯಬೇಕು. ರಟ್ಟು ತೆಗೆದೊಡನೆ ಮತ್ತೆ ಏರಬೇಕು. ಹಾಗಾಗದಿದ್ದರೆ ನಿಮ್ಮ ವಿದ್ಯುತ್ತು ಬೇರೆಲ್ಲಿಂದಲೋ, ಬಹುಶಃ ಇನ್ನೂ ತಣಿಯದ ಹೀಟ್‌ಸಿಂಕಿನಿಂದ, ಬರುತ್ತಿದೆಯೆಂದು ತಿಳಿಯಬೇಕು.

ಐದನೆಯ ಹಂತ: ಎಲ್‌ಇಡಿ ಬೆಳಗಿಸುವುದು

50 ಮಿಲಿವೋಲ್ಟಿನಿಂದ ಯಾವ ಎಲ್‌ಇಡಿಯೂ ಬೆಳಗದು. ಸಣ್ಣ ವೋಲ್ಟೇಜನ್ನು ಏರಿಸಲು ಹವ್ಯಾಸಿಗಳು ಬಳಸುವ ಜೂಲ್ ಥೀಫ್ ಸರ್ಕಿಟ್ಟು ಕೂಡ ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಅರ್ಧ ವೋಲ್ಟಿನ ಕೆಳಗೆ ಏಳುವುದಿಲ್ಲ. ಎಲ್‌ಟಿಸಿ3108 ಚಿಪ್ಪು ಒಂದಕ್ಕೆ ನೂರರ ಸಣ್ಣ ಟ್ರಾನ್ಸ್‌ಫಾರ್ಮರಿನೊಡನೆ 20 ಮಿಲಿವೋಲ್ಟಿನಲ್ಲೇ ಚಾಲೂ ಆಗುತ್ತದೆ, ಮತ್ತು ಅದರ ಒಳಬದಿಯ ರೋಧ ಸುಮಾರು ಎರಡೂವರೆ ಓಮ್ ಆಗಿರುವುದರಿಂದ ನಮ್ಮ ಮಾಡ್ಯೂಲಿಗೆ ತಾನಾಗಿಯೇ ಹೊಂದುತ್ತದೆ. ಬೋರ್ಡನ್ನು 3.3 ವೋಲ್ಟಿಗೆ ಹೊಂದಿಸಿ, 22 ಕಿಲೋ ಓಮ್ ರೋಧಕದ ಮೂಲಕ ಹೊಸ ಬಗೆಯ ಕೆಂಪು ಎಲ್‌ಇಡಿಯನ್ನು ಜೋಡಿಸಿ. ಕತ್ತಲಲ್ಲಿ ಅದು ಕಣ್ಣಿಗೆ ಕಾಣುವಷ್ಟು ಬೆಳಗುತ್ತದೆ. ಪರಿವರ್ತನೆಯಲ್ಲಿ ಮುಕ್ಕಾಲು ಭಾಗ ಸೋರಿಹೋಗಿ 0.3 ಮಿಲಿವ್ಯಾಟ್ ಉಳಿಯಿತೆಂದರೂ ಹತ್ತು ಗಂಟೆಗಳಲ್ಲಿ 10 ಜೂಲಿಗೆ ಮಿಕ್ಕಿ ಕೂಡಿಬೀಳುತ್ತದೆ. ಶೇಖರಣೆಗೆ ಮೀಸಲಾದ ಪಿನ್ನಿಗೆ 5.5 ವೋಲ್ಟ್ ತಾಳುವ 1 ಫ್ಯಾರಡಿನ ಸೂಪರ್ ಕೆಪಾಸಿಟರ್ ಸೇರಿಸಿದರೆ ಅದು ಅಲ್ಲಿ ಹಿಡಿಯುತ್ತದೆ. ಆಗಾಗ ಎಚ್ಚೆತ್ತು ಉಷ್ಣತೆ, ತೇವ ಅಳೆದು ಮತ್ತೆ ಮಲಗುವ ಸಂವೇದಕಕ್ಕೆ ಇಷ್ಟು ಸಾಕು.

ಹಗಲಿನಲ್ಲಿ ಪೆಟ್ಟಿಗೆಯನ್ನು ಮುಚ್ಚಿಡಬೇಕು. ಪಾಲಿಥೀನಿನ ಕೆಳಗಿನ ಕಪ್ಪು ತಟ್ಟೆ ಬಿಸಿಲಿನಲ್ಲಿ ಥರ್ಮೊಕೋಲನ್ನು ಮೆತ್ತಗಾಗಿಸುವಷ್ಟು ಕಾಯಬಲ್ಲದು. ಜೊತೆಗೆ ವಿದ್ಯುತ್ತಿನ ದಿಕ್ಕು ತಿರುವುಮುರುವಾಗುವುದರಿಂದ ಎಲ್‌ಟಿಸಿ3108 ಸುಮ್ಮನಾಗುತ್ತದೆ. ಎರಡೂ ದಿಕ್ಕನ್ನು ಸ್ವೀಕರಿಸುವ ಎಲ್‌ಟಿಸಿ3109 ಬಳಸಿ, ಶಾಖ ತಾಳುವ ನಿರೋಧಕದಿಂದ ಪೆಟ್ಟಿಗೆ ಕಟ್ಟಿದರೆ ಹಗಲಿನ ಪಾಲನ್ನೂ ಪಡೆಯಬಹುದು.

ಆರನೆಯ ಹಂತ: ಬಿಸಿ ಬದಿಯನ್ನು ನೀರಿಗೆ ಕಟ್ಟುವುದು

ಈ ಸಾಧನದ ಬಗ್ಗೆ ಬರೆಯುವವರಲ್ಲಿ ಹಲವರು ತಟ್ಟೆಯನ್ನು ಇನ್ನಷ್ಟು ತಣ್ಣಗೆ ಮಾಡುವ ಲೇಪ, ಹೊದಿಕೆಗಳ ಕಡೆಗೇ ಗಮನ ಕೊಡುತ್ತಾರೆ. ಆಕಾಶ ಕೊಡುವುದು ಆಕಾಶದ ಇಷ್ಟ. ನಮ್ಮ ಕೈಯಲ್ಲಿರುವುದು ಇನ್ನೊಂದು ಬದಿ. ಹಗಲಿಗೂ ರಾತ್ರಿಗೂ ಹದಿನೈದು ಡಿಗ್ರಿಗೂ ಮಿಕ್ಕಿದ ಅಂತರವಿರುವ ಪುಣೆಯ ಚಳಿಗಾಲದಲ್ಲಿ, ಹೀಟ್‌ಸಿಂಕನ್ನು ರಾತ್ರಿಯ ತಣ್ಣನೆಯ ಗಾಳಿಗೆ ಬಿಟ್ಟು ಎರಡು ಡಿಗ್ರಿಗಾಗಿ ಹೆಣಗುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ.

ಬಿಸಿಲಿನಲ್ಲಿ ಇಟ್ಟಿದ್ದ 20 ಲೀಟರ್ ನೀರನ್ನು ಸಂಜೆ ಬಕೆಟಿಗೆ ತುಂಬಿ, ಅದರ ಸುತ್ತ ಥರ್ಮೊಕೋಲ್ ಅಥವಾ ಹಳೆಯ ಕಂಬಳಿ ಸುತ್ತಿ, ನಮ್ಮ ಪೆಟ್ಟಿಗೆಯನ್ನೇ ಅದಕ್ಕೆ ಮುಚ್ಚಳದಂತೆ ಕೂರಿಸಿ. ಹೀಟ್‌ಸಿಂಕಿನ ರೆಕ್ಕೆಗಳು ನೀರಿನಲ್ಲಿ ಮುಳುಗಿರಬೇಕು, ಮಾಡ್ಯೂಲು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ರೆಕ್ಕೆಗಳ ಸುತ್ತ ತಣಿದ ನೀರು ಭಾರವಾಗಿ ಕೆಳಗಿಳಿದು ಬೆಚ್ಚಗಿನದು ಮೇಲೇರುವುದರಿಂದ ಕಲಕುವ ಅಗತ್ಯವಿಲ್ಲ. ನೀರು 26 ಡಿಗ್ರಿ, ಗಾಳಿ 12 ಡಿಗ್ರಿ ಇದ್ದರೆ, ಹಿಂದಿನ ಲೆಕ್ಕದಂತೆಯೇ ಮಾಡ್ಯೂಲಿನ ಎರಡು ಮುಖಗಳ ನಡುವೆ ಎಂಟು ಡಿಗ್ರಿಯ ವ್ಯತ್ಯಾಸ ಬರಬೇಕು. ಜೋಡಣೆಯ ನಷ್ಟಗಳಿಂದ ಐದೇ ಡಿಗ್ರಿ ಉಳಿದರೂ ಶಕ್ತಿ ಉಷ್ಣಾಂತರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಆರು ಪಟ್ಟು ಹೆಚ್ಚುತ್ತದೆ. ಇದಕ್ಕಾಗಿ ನೀರು ತೆರುವ ಬೆಲೆ ಅಲ್ಪ: ನಾಲ್ಕೂವರೆ ವ್ಯಾಟಿನಂತೆ ಹತ್ತು ಗಂಟೆ ಶಾಖ ಹರಿದರೂ 20 ಲೀಟರ್ ನೀರಿನ ಉಷ್ಣತೆ ಎರಡು ಡಿಗ್ರಿಗಿಂತ ಕಡಿಮೆ ಇಳಿಯುತ್ತದೆ. ಬಕೆಟಿನ ಪಕ್ಕಗಳಿಂದ ಸೋರುವುದು ಅದಕ್ಕಿಂತ ಹೆಚ್ಚಾದೀತು, ಆದ್ದರಿಂದ ಕಂಬಳಿಯಲ್ಲಿ ಜಿಪುಣತನ ಬೇಡ.

ಈ ಏರ್ಪಾಡಿನಲ್ಲಿ ಒಂದು ನಿಯಮ ತಲೆಕೆಳಗಾಗುತ್ತದೆ. ನೀರಿನ ಶಾಖದಿಂದ ತಟ್ಟೆಯೇ ಗಾಳಿಗಿಂತ ಬೆಚ್ಚಗಾದರೆ ಗಾಳಿ ಶತ್ರುವಲ್ಲ, ಮಿತ್ರ; ಆಗ ಪಾಲಿಥೀನನ್ನು ತೆಗೆದುಬಿಡಬೇಕು. ತಟ್ಟೆಯ ಮತ್ತು ಗಾಳಿಯ ಉಷ್ಣಮಾಪಕಗಳನ್ನು ಹೋಲಿಸಿ ತೀರ್ಮಾನಿಸಿ: ತಟ್ಟೆ ತಂಪಾಗಿದ್ದರೆ ಹೊದಿಕೆ ಇರಲಿ, ಬೆಚ್ಚಗಿದ್ದರೆ ಬೇಡ. ಹೀಗೆ ಪಡೆದ ವಿದ್ಯುತ್ತಿನಲ್ಲಿ ಒಂದು ಪಾಲು ಗಾಳಿಯ ತಂಪಿನದು, ಪೂರ್ತಿ ಆಕಾಶದ್ದಲ್ಲ ಎಂಬುದನ್ನು ವರದಿಯಲ್ಲಿ ಮುಚ್ಚಿಡಬಾರದು. ರಟ್ಟಿನ ಪರೀಕ್ಷೆಯನ್ನು ಇಲ್ಲಿಯೂ ಮಾಡಿದರೆ ಆಕಾಶದ ಪಾಲೆಷ್ಟೆಂಬುದು ಬೇರ್ಪಡುತ್ತದೆ. ಬಳಸಿದ ನೀರನ್ನು ಬೆಳಿಗ್ಗೆ ಗಿಡಗಳಿಗೆ ಹಾಕಿ. ನಿಂತ ನೀರಿನ ಬಕೆಟು ತಾರಸಿಯಲ್ಲಿ ಉಳಿದರೆ ಡೆಂಗಿ ಸೊಳ್ಳೆಯ ನೆಪದಲ್ಲಿ ಸೊಸೈಟಿಯ ಮುಂದಿನ ಸಭೆಯಲ್ಲಿ ನಿಮ್ಮ ಹೆಸರು ಬರುವುದು ಖಂಡಿತ, ಮತ್ತು ಅದು ನ್ಯಾಯವೂ ಹೌದು.

ಮುಂಬಯಿ ಮತ್ತು ಗೋವೆಯಲ್ಲಿ

ಮಾಟುಂಗಾ, ಡೊಂಬಿವಲಿಯ ಬಂಧುಗಳು ಇದನ್ನೇ ಕಟ್ಟಿದರೆ ಅಂಕಿಗಳು ಇಳಿಯುತ್ತವೆ. ಜನವರಿಯ ರಾತ್ರಿ ಗಾಳಿ 20 ಡಿಗ್ರಿ, ಇಬ್ಬನಿ ಬಿಂದು 15 ಡಿಗ್ರಿ ಎಂದುಕೊಂಡರೆ ಚದರ ಮೀಟರಿಗೆ 80 ವ್ಯಾಟಿನ ಆಸುಪಾಸು ಲಭ್ಯವಿದೆ. ಇದು ಕಾಗದದ ಮೇಲೆ ಕೆಟ್ಟದ್ದಲ್ಲ. ಆದರೆ ಇಬ್ಬನಿ ಬೇಗ ಕೂರುತ್ತದೆ, ಮತ್ತು ಕಡಲತೀರದ ಹಗಲು ರಾತ್ರಿಗಳ ಅಂತರ ಕಡಿಮೆಯಿರುವುದರಿಂದ ನೀರಿನ ಉಪಾಯ ಪುಣೆಯಲ್ಲಿ ಕೊಡುವಷ್ಟು ಫಲ ಕೊಡದು. ಗೋವೆಯ ಕರಾವಳಿಗೂ ಇದೇ ಮಾತು. ಅಲ್ಲಿ 30 ಸೆಂಟಿಮೀಟರ್ ಚೌಕದ ದೊಡ್ಡ ತಟ್ಟೆಯನ್ನೂ 03 ಸರಣಿಯ ಮಾಡ್ಯೂಲನ್ನೂ ಬಳಸಿ ವೋಲ್ಟೇಜನ್ನು ಎತ್ತಬೇಕು. ತಟ್ಟೆ ದೊಡ್ಡದಾದಂತೆ ಅಂಚಿನ ತಂಪು ನಡುವಿನ ಮಾಡ್ಯೂಲನ್ನು ತಲುಪುವುದು ಕಷ್ಟವಾಗುವುದರಿಂದ 2 ಮಿಲಿಮೀಟರಿಗಿಂತ ತೆಳುವಾದ ತಗಡು ಬೇಡ.

ಮಾಡ್ಯೂಲಿನ ಹಾದಿಯಲ್ಲದೆ ಬೇರೆ ಹಾದಿಗಳೂ ಇವೆ. ಸ್ಟ್ಯಾನ್‌ಫರ್ಡ್‌ನ ಅದೇ ಗುಂಪು 2022ರಲ್ಲಿ ಸೌರಫಲಕದ ಬೆನ್ನಿಗೇ ಉಷ್ಣವಿದ್ಯುತ್ ಮಾಡ್ಯೂಲ್ ಅಂಟಿಸಿ ರಾತ್ರಿ ಚದರ ಮೀಟರಿಗೆ 50 ಮಿಲಿವ್ಯಾಟ್ ಪಡೆಯಿತು. ಸಣ್ಣ ಫಲಕವಿರುವವರು ಇದನ್ನು ಮನೆಯಲ್ಲಿ ಮಾಡಬಹುದು, ಏಕೆಂದರೆ ಫಲಕದ ಗಾಜು ತಾನೇ ಒಳ್ಳೆಯ ಕಪ್ಪು ತಟ್ಟೆಯಂತೆ ಅವಕೆಂಪು ಕಿರಣಗಳನ್ನು ಸೂಸುತ್ತದೆ. ಅದೇ ವರ್ಷ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು, ಶಾಖ ಸೂಸುವಾಗಲೇ ವಿದ್ಯುತ್ ಕೊಡುವ ಅರೆವಾಹಕ ಡಯೋಡನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ಪಾದರಸ, ಕ್ಯಾಡ್ಮಿಯಂ, ಟೆಲ್ಯುರಿಯಂಗಳಿಂದಾದ ಆ ಡಯೋಡು ತಪಕೀರ ಗಲ್ಲಿಯಲ್ಲಿ ಸಿಗುವಂಥದ್ದಲ್ಲ.

ಮೇ ತಿಂಗಳ ಕೊನೆಗೆ ಮೋಡಗಳು ಕೂಡತೊಡಗಿದಾಗ ಸಾಧನವನ್ನು ಬಿಚ್ಚಿ, ಹೀಟ್‌ಸಿಂಕಿನ ರೆಕ್ಕೆಗಳಲ್ಲಿ ಕೂತ ಬೋರ್‌ವೆಲ್ ನೀರಿನ ಬಿಳಿ ಪೊರೆಯನ್ನು ನಿಂಬೆರಸದಿಂದ ತಿಕ್ಕಿ ತೊಳೆದು ಒಣಗಿಸಿ, ಮಾಡ್ಯೂಲನ್ನು ಸಿಲಿಕಾ ಜೆಲ್‌ನೊಡನೆ ಮುಚ್ಚಿದ ಡಬ್ಬಿಯಲ್ಲಿಡಿ. ಬಿಸಿಲಿಗೆ ಮಂಕಾದ ಪಾಲಿಥೀನನ್ನು ಎಸೆದು, ಅಕ್ಟೋಬರಿನ ಕೊನೆಯಲ್ಲಿ ಮರುಜೋಡಣೆ ಮಾಡುವಾಗ ಹೊಸದನ್ನು ಬಿಗಿಯಿರಿ, ಪೇಸ್ಟನ್ನೂ ಹೊಸದಾಗಿ ಸವರಿ.